ಸ್ಕ್ರಿಪ್ಟ್ ಇಲ್ಲದೆಯೂ ವ್ಯಾನ್ ಬರಬೇಕು

ನಿಮ್ಮ ವ್ಯವಹಾರದ ಜಾಲತಾಣ ತೆರೆದುಕೊಳ್ಳಬೇಕಾದರೆ ಗ್ರಾಹಕರ ಫೋನು ಎಷ್ಟು ಹೊಸದಾಗಿರಬೇಕು? ಈ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿಲ್ಲದಿದ್ದರೆ, ನಿಮ್ಮನ್ನು ಕೇಳದೆಯೇ ಬೇರೆ ಯಾರೋ ಅದನ್ನು ನಿರ್ಧರಿಸಿದ್ದಾರೆ ಎಂದೇ ಅರ್ಥ. ಒಬ್ಬ ಉದ್ಯಮಿಯ ಪರವಾಗಿ ಹಾಗೆ ನಿರ್ಧರಿಸಿದವಳು ನಾನು. ಆ ನಿರ್ಧಾರವನ್ನು ತಿದ್ದಿಕೊಂಡ ಐದು ವಾರಗಳನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ.

ಜಾಲತಾಣ ಕಟ್ಟುವ ಬಗೆ ಸ್ಥೂಲವಾಗಿ ಎರಡು. ಒಂದರಲ್ಲಿ ಸರ್ವರ್ ಪುಟವನ್ನು ಸಿದ್ಧಗೊಳಿಸಿಯೇ ಕಳುಹಿಸುತ್ತದೆ. ಬ್ರೌಸರ್ ಅದನ್ನು ತೋರಿಸಿದರಾಯಿತು. ಇನ್ನೊಂದರಲ್ಲಿ ಸರ್ವರ್ ಕಳುಹಿಸುವುದು ಬಹುತೇಕ ಖಾಲಿ ಪುಟವನ್ನು, ಜೊತೆಗೆ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ದೊಡ್ಡದೊಂದು ಪ್ರೋಗ್ರಾಮನ್ನು. ಆ ಪ್ರೋಗ್ರಾಂ ಗ್ರಾಹಕರ ಫೋನಿನಲ್ಲಿ ಓಡಿ, ಪುಟವನ್ನು ಅಲ್ಲಿಯೇ ಕಟ್ಟಿ ನಿಲ್ಲಿಸಬೇಕು. ನಾನು ಕೆಲಸ ಮಾಡುವುದು ವರ್ಜೀನಿಯಾದ ಆಶ್‌ಬರ್ನ್‌ನಲ್ಲಿರುವ ಚಿಕ್ಕದೊಂದು ಸಂಸ್ಥೆಯಲ್ಲಿ. ಸೋಂಕಿನ ಕಾಲ ಮುಗಿದು ಎಲ್ಲರೂ ಕಚೇರಿಗೆ ಮರಳಿದ ವರ್ಷ, ಉತ್ತರ ಕೆರೊಲಿನಾದ ಷಾರ್ಲೆಟ್‌ನ ವ್ಯಾನ್ ಸೇವೆಯೊಂದಕ್ಕೆ ನಾವು ಎರಡನೆಯ ಬಗೆಯ ಜಾಲತಾಣವನ್ನು ಕಟ್ಟಿಕೊಟ್ಟೆವು. ರಾಜ್ಯದ ಗಡಿಯಾಚೆ, ದಕ್ಷಿಣ ಕೆರೊಲಿನಾದ ಹಳ್ಳಿಗಾಡಿನ ಕೌಂಟಿಗಳಲ್ಲಿರುವ ಮೂತ್ರಪಿಂಡದ ರೋಗಿಗಳನ್ನು ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಕೇಂದ್ರಕ್ಕೆ ಕರೆದೊಯ್ದು, ಮನೆಗೆ ಮರಳಿಸುವುದು ಆ ಸೇವೆಯ ಕೆಲಸ. ಪ್ರತಿ ಪ್ರಯಾಣವನ್ನೂ ರೋಗಿಗಳು ಈ ಜಾಲತಾಣದಲ್ಲೇ ಬುಕ್ ಮಾಡಬೇಕಿತ್ತು. ಸೇವೆಯ ಒಡತಿ ಗದಗದ ಕಡೆಯವರು. ಸಿವಿಲ್ ಇಂಜಿನಿಯರಿಂಗ್ ಓದಿ, ಆ ಕೆಲಸ ಬಿಟ್ಟು ಈ ಉದ್ಯಮ ಕಟ್ಟಿದವರು.

ಎಲ್ಲವೂ ಸ್ಕ್ರಿಪ್ಟ್‌ನಲ್ಲೇ ಇರಲಿ ಎಂದು ವಿನ್ಯಾಸದ ಸಭೆಯಲ್ಲಿ ವಾದಿಸಿದವಳು ನಾನೇ. ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ಪುಟದಿಂದ ಪುಟಕ್ಕೆ ಹೋಗಲು ಕಾಯಬೇಕಿಲ್ಲ ಎಂದೆ, ನಕ್ಷೆಯ ಮೇಲೆ ವ್ಯಾನ್ ಚಲಿಸುವುದು ಕಾಣುತ್ತದೆ ಎಂದೆ, ಗ್ರಾಹಕರ ಪುಟಕ್ಕೂ ಕಚೇರಿಯ ಪುಟಕ್ಕೂ ಒಂದೇ ಕೋಡ್ ಸಾಕು ಎಂದೆ. ಯಾರೂ ಎದುರಾಡಲಿಲ್ಲ. ಎದುರಾಳಿ ಉತ್ತರಿಸದ ವಾದವನ್ನು ಒಪ್ಪಿಕೊಂಡ ವಾದವೆಂದೇ ನಮ್ಮ ತೀರ್ಪುಗಾರರು ಎಣಿಸುತ್ತಿದ್ದರು. ಆ ಲೆಕ್ಕದಲ್ಲಿ ನಾನು ಗೆದ್ದಿದ್ದೆ.

ಜಾಲತಾಣ ಶುರುವಾಗಿ ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಒಡತಿಯ ಕರೆ ಬಂತು. ಸಭೆಗಳಲ್ಲಿ ಅವರು ಅಳೆದು ತೂಗಿ ಇಂಗ್ಲಿಷ್‌ನಲ್ಲಿ ಮಾತಾಡುವವರು. ಅಂದು ಮೊದಲ ಮಾತೇ ಕನ್ನಡದಲ್ಲಿತ್ತು.

"ಏನ್ ಕಟ್ಟಿ ಕೊಟ್ಟೀರಿ ನೀವು? ನಮ್ಮ ಪೇಷಂಟ್ಸ್ ಫೋನ್ ಹಿಡಕೊಂಡು ಕುಂತಾರ, ಸ್ಕ್ರೀನ್ ಬೆಳ್ಳಗ ಕಾಣ್ತೈತಿ ಅಂತಾರ. ಬುಕಿಂಗ್ ಬರವಲ್ದು. ವ್ಯಾನ್ ಖಾಲಿ ನಿಂತಾವು, ಅಲ್ಲಿ ಡಯಾಲಿಸಿಸ್ ಕುರ್ಚಿನೂ ಖಾಲಿ."

"ಆಂಟಿ, ನಮ್ಮ ಕಡೆ ಎಲ್ಲಾ ಸರಿಯಾಗೇ ಓಪನ್ ಆಗ್ತಿದೆ. ಒಂದು ಎರರ್ ಕೂಡ ರಿಪೋರ್ಟ್ ಆಗಿಲ್ಲ."

"ನಿಮ್ಮ ಕಡೆ ಯಾರಿಗೆ ಬೇಕಾಗೈತಿ ತಂಗಿ ವ್ಯಾನು? ಊಟಕ್ಕ ಕರದು ಎಲಿ ಮುಂದ ಹಸೀ ಹಿಟ್ಟು ಇಟ್ಟಂಗ ಮಾಡೀರಿ."

ಬಳಿಕ ಅವರು ವಿಷಯವನ್ನು ತಗ್ಗಿದ ದನಿಯಲ್ಲಿ ಹೇಳಿದರು. ಈ ಪ್ರಯಾಣಗಳನ್ನು ಅವರಿಗೆ ವಹಿಸಿದ್ದ ಡಯಾಲಿಸಿಸ್ ಸಂಸ್ಥೆ ಐದು ವಾರಗಳ ನಂತರ ಪರಿಶೀಲನಾ ಸಭೆ ಕರೆದಿತ್ತು. ರೋಗಿಗಳು ಚಿಕಿತ್ಸೆ ತಪ್ಪಿಸಿಕೊಳ್ಳುವುದು ಅಷ್ಟರಲ್ಲಿ ನಿಲ್ಲದಿದ್ದರೆ ಒಪ್ಪಂದ ರದ್ದು. ದಾರಿಗಳೆಲ್ಲ ಬೇರೊಂದು ಸೇವೆಯ ಪಾಲು. ಅವರಿಗೆ ಬೇರೆ ಗುತ್ತಿಗೆಯಿರಲಿಲ್ಲ. ಅದು ಹೋದರೆ ಚಾಲಕರ ಸಮೇತ ಇಡೀ ಸೇವೆಯೇ ಮುಚ್ಚಬೇಕಿತ್ತು.

ಕೂಡಲೇ ಪರೀಕ್ಷೆಗೆ ಕುಳಿತೆವು. ಸ್ಕ್ರಿಪ್ಟ್‌ನ ಬಹುಪಾಲನ್ನು ಬರೆದಿದ್ದ ಸಹೋದ್ಯೋಗಿ ಮಂಗಳೂರಿನವರು. ಅವರಷ್ಟು ಅಚ್ಚುಕಟ್ಟಾಗಿ ಕೋಡ್ ಬರೆಯುವವರನ್ನು ನಾನು ಕಂಡಿಲ್ಲ. ಕಚೇರಿಯ ಎಲ್ಲ ಫೋನುಗಳಲ್ಲೂ ಜಾಲತಾಣ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ತೆರೆಯದೆ ಇನ್ನೇನು? ಆಶ್‌ಬರ್ನ್‌ನಲ್ಲಿ ಎತ್ತ ತಿರುಗಿದರೂ ಕಿಟಕಿಗಳಿಲ್ಲದ ಡೇಟಾ ಸೆಂಟರ್ ಕಟ್ಟಡಗಳು. ನಮ್ಮ ಜಾಲತಾಣವಿದ್ದ ಸರ್ವರ್ ಕೂಡ ಅಂಥದೊಂದು ಕಟ್ಟಡದಲ್ಲೇ ಇತ್ತು. ಸಭಾಕೊಠಡಿಯಿಂದ ನೋಡಿದರೆ ರಸ್ತೆಯಾಚೆ ಅದರ ಗೋಡೆ ಕಾಣುತ್ತಿತ್ತು. ರಸ್ತೆ ದಾಟಿ ಬಂದ ಪುಟವನ್ನು ನೋಡಿ, ಅದು ಪ್ರಪಂಚವನ್ನೇ ಸುತ್ತಿ ಬಂದಿತೆಂದು ನಾವು ತಿಂಗಳುಗಟ್ಟಲೆ ನಂಬಿದ್ದೆವು! ಈ ಊರಿನ ನಮ್ಮಂಥವರಲ್ಲದೆ ಬೇರೆ ಯಾರಿಗೂ ಇಷ್ಟು ಸುಲಭವಾಗಿ ಇಂಥ ತಪ್ಪು ಒದಗಿಬರಲಾರದು.

ಬ್ರೌಸರ್‌ನ ಪರೀಕ್ಷಾ ಸಲಕರಣೆಯಲ್ಲಿ ಸಂಪರ್ಕವನ್ನು ಬೇಕೆಂದೇ ನಿಧಾನಗೊಳಿಸಿ ನೋಡಿದೆವು. ಪುಟ ತಡವಾಗಿ ಬಂತು, ಆದರೆ ಬಂತು. ಸಹೋದ್ಯೋಗಿ ಸ್ಕ್ರಿಪ್ಟನ್ನು ತುಂಡುಗಳಾಗಿ ಒಡೆದು, ಮೊದಲ ಪುಟಕ್ಕೆ ಬೇಕಾದಷ್ಟೇ ಮೊದಲು ಹೋಗುವಂತೆ ಮಾಡಿದರು. ಅದಕ್ಕೆ ಒಂದು ವಾರ ಹಿಡಿಯಿತು. ಬಿಡುಗಡೆ ಮಾಡಿದೆವು. ಷಾರ್ಲೆಟ್‌ನ ದೂರು ಒಂದಿಷ್ಟೂ ತಗ್ಗಲಿಲ್ಲ, ನಮ್ಮ ದೋಷವರದಿಯ ಪಟ್ಟಿಯೂ ಖಾಲಿಯಾಗಿಯೇ ಉಳಿಯಿತು.

ಆ ಖಾಲಿ ಪಟ್ಟಿಯನ್ನು ದಿಟ್ಟಿಸುತ್ತ ಕುಳಿತಿದ್ದಾಗಲೇ ನನಗೆ ವಿಷಯ ಹೊಳೆದದ್ದು. ದೋಷವನ್ನು ವರದಿ ಮಾಡುತ್ತಿದ್ದದ್ದೂ ಒಂದು ಸ್ಕ್ರಿಪ್ಟೇ; ನಮ್ಮ ಮುಖ್ಯ ಕಡತದೊಳಗೇ ಅದನ್ನು ಕಟ್ಟಿಹಾಕಿದ್ದೆವು. ಆ ಕಡತ ಓಡಲೇ ಇಲ್ಲವೆಂದರೆ, ಓಡಲಿಲ್ಲ ಎಂದು ಹೇಳುವವರಾದರೂ ಯಾರು? ಉತ್ತರ ಬರಲಿಲ್ಲವೆಂಬುದನ್ನು ನಾನು ಮತ್ತೊಮ್ಮೆ ಒಪ್ಪಿಗೆಯೆಂದು ಎಣಿಸಿದ್ದೆ.

ಸರ್ವರ್‌ನ ದಾಖಲೆಯನ್ನು ತೆಗೆದೆ. ಯಾರು ಯಾವ ಕಡತವನ್ನು ಯಾವಾಗ ಕೇಳಿದರು ಎಂಬುದನ್ನು ಸರ್ವರ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಗ್ರಾಹಕರ ಫೋನಿನ ಹಂಗಿಲ್ಲ. ಪ್ರತಿ ಭೇಟಿಯಲ್ಲೂ ಮೂರು ಸಾಲುಗಳಿರಬೇಕಿತ್ತು: ಪುಟ ಬೇಕೆಂಬ ಕೋರಿಕೆ, ಸ್ಕ್ರಿಪ್ಟ್ ಬೇಕೆಂಬ ಕೋರಿಕೆ, ಕೊನೆಗೆ ಲಭ್ಯವಿರುವ ವೇಳೆಗಳ ಪಟ್ಟಿ ಬೇಕೆಂಬ ಕೋರಿಕೆ. ಮೂರನೆಯದನ್ನು ಕಳುಹಿಸುವುದು ಸ್ಕ್ರಿಪ್ಟೇ. ಸಾಲುಗಳನ್ನು ಜೋಡಿಸುತ್ತ ಹೋದೆ. ಪುಟ, ಸ್ಕ್ರಿಪ್ಟ್, ಮೌನ. ಪುಟ, ಸ್ಕ್ರಿಪ್ಟ್, ಮೌನ. ಅದೇ ಫೋನಿನಿಂದ ಮತ್ತೆ ಪುಟ, ಮತ್ತೆ ಮೌನ. ಬಾಗಿಲವರೆಗೆ ಬಂದು ಹಿಂದಿರುಗಿದವರೆಲ್ಲ ಕಣ್ಣೆದುರು ಸಾಲಾಗಿ ನಿಂತಂತಾಯಿತು.

"ಇಲ್ಲಿ ಕೂತು ಆಗೋ ಕೆಲಸ ಅಲ್ಲ ಇದು, ನಾನು ಹೋಗ್ತೀನಿ" ಎಂದು ಮ್ಯಾನೇಜರಿಗೆ ಹೇಳಿದೆ. ಮ್ಯಾನೇಜರ್ ಬೆಂಗಳೂರಿನವರು, ಹತ್ತಿರದ ಸೆಂಟರ್‌ವಿಲ್‌ನಲ್ಲಿ ಮನೆ ಮಾಡಿಕೊಂಡು ವರ್ಷಗಳಾಗಿವೆ.

"ಷಾರ್ಲೆಟ್‌ವರೆಗೂ ಡ್ರೈವ್ ಮಾಡ್ತೀಯಾ? ಒಂದು ವೆಬ್‌ಸೈಟ್ ನೋಡಕ್ಕೆ? ಏನಮ್ಮ, ಅಲ್ಲಿ ಬೇರೆ ಇಂಟರ್ನೆಟ್ ಇದ್ಯಾ?"

"ಇದೆ ಸರ್. ಅದನ್ನೇ ನೋಡಕ್ಕೆ ಹೋಗ್ತಿರೋದು."

ಮರುದಿನ ಷಾರ್ಲೆಟ್ ತಲುಪಿ, ಅಲ್ಲಿಂದ ಒಡತಿಯ ಕಾರಿನಲ್ಲೇ ಗಡಿ ದಾಟಿ ಡಯಾಲಿಸಿಸ್ ಕೇಂದ್ರವೊಂದಕ್ಕೆ ಹೋದೆ. ಒಡತಿಯ ಪರಿಚಯದ ರೋಗಿಯೊಬ್ಬರು ಕಾಯುವ ಕೋಣೆಯಲ್ಲಿದ್ದರು. ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದ ಹಿರಿಯ ಮಹಿಳೆ. ಹಿಂದಿನ ವಾರ ಒಂದು ಸರದಿ ತಪ್ಪಿದ್ದರಿಂದ ಅವರ ಪಾದಗಳು ಊದಿದ್ದವು, ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡು ಕುಳಿತಿದ್ದರು. ನಾನು ಯಾರೆಂದು ತಿಳಿದಾಗ ಅವರು ಇಂಗ್ಲಿಷ್‌ನಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು: "ನನ್ನ ಫೋನಿಗೆ ಏನೂ ಆಗಿಲ್ಲಮ್ಮ. ಹವಾಮಾನ ಬರುತ್ತೆ, ನಮ್ಮ ಚರ್ಚಿನ ಪುಟ ಬರುತ್ತೆ. ನಿಮ್ಮದೊಂದೇ ಬರಲ್ಲ. ನನಗೇ ಒತ್ತೋಕೆ ಗೊತ್ತಾಗ್ತಿಲ್ಲವೇನೋ ಅಂತ ಸುಮ್ಮನಾದೆ."

ನಮ್ಮ ದೋಷವರದಿಯ ಪಟ್ಟಿ ಖಾಲಿಯಾಗಿದ್ದದ್ದು ಇಂಥ ಸುಮ್ಮನಿರುವಿಕೆಯಿಂದ.

ಅವರ ಅನುಮತಿ ಪಡೆದು ಫೋನನ್ನು ಕೇಬಲ್ಲಿನಿಂದ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಬ್ರೌಸರ್ ಒಳಗೊಳಗೇ ಏನು ಹೇಳುತ್ತಿದೆಯೆಂದು ನೋಡಿದೆ. ಒಂದೇ ಒಂದು ಕೆಂಪು ಸಾಲು. ನಾವು ಬಳಸಿದ್ದ ಹೊಸ ಬಗೆಯ ಬರವಣಿಗೆಯ ಒಂದು ಚಿಹ್ನೆ ಆ ಹಳೆಯ ಬ್ರೌಸರಿಗೆ ಅರ್ಥವಾಗಿರಲಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ಪುಟದಲ್ಲಿ ಗೊತ್ತಿಲ್ಲದ ಪದ ಎದುರಾದರೆ ಬ್ರೌಸರ್ ಅದನ್ನು ಬಿಟ್ಟು ಮುಂದಿನದನ್ನು ತೋರಿಸುತ್ತದೆ. ಸ್ಕ್ರಿಪ್ಟ್‌ನಲ್ಲಿ ಹಾಗಲ್ಲ, ಒಂದು ಚಿಹ್ನೆ ಅರ್ಥವಾಗದಿದ್ದರೆ ಬ್ರೌಸರ್ ಇಡೀ ಕಡತವನ್ನೇ ಎತ್ತಿ ಪಕ್ಕಕ್ಕಿಡುತ್ತದೆ. ಆ ಒಂದು ಚಿಹ್ನೆಗಾಗಿ ಇವರ ವ್ಯಾನ್ ಬಂದಿರಲಿಲ್ಲ.

ಸಹೋದ್ಯೋಗಿಗೆ ಕರೆ ಮಾಡಿದೆ. ಅತ್ತ ಕಡೆ ನಗು. "ಇಷ್ಟೇಯಾ? ಅದು ಒಂದು ಸೆಟ್ಟಿಂಗ್ ಮಾರಾಯ್ತಿ. ಹಳೇ ಬ್ರೌಸರಿಗೆ ಬೇಕಾದ ಹಾಗೆ ಕನ್ವರ್ಟ್ ಮಾಡಿ ಈಗಲೇ ಹಾಕ್ತೇನೆ, ನೀನು ಕಾಫಿ ಕುಡಿದು ಬಾ."

ಅವರು ಹೇಳಿದಂತೆಯೇ ಆಯಿತು. ಒಂದು ಗಂಟೆಯೊಳಗೆ ಆ ಫೋನಿನಲ್ಲಿ ಪುಟ ಮೂಡಿತು. ಹಿರಿಯ ಮಹಿಳೆ ನನ್ನ ಬೆನ್ನು ತಟ್ಟಿದರು. ಎಲ್ಲವೂ ಮುಗಿಯಿತೆಂಬ ಹುಮ್ಮಸ್ಸಿನಲ್ಲಿ ಕಾರು ಹತ್ತಿದೆ. ಆ ಮಹಿಳೆಯ ಮನೆಯಿದ್ದ ರಸ್ತೆಯಲ್ಲಿ ಒಂದು ಪೆಟ್ರೋಲ್ ಬಂಕ್ ಬಳಿ ಒಡತಿ ಕಾರು ನಿಲ್ಲಿಸಿದಾಗ, ಸುಮ್ಮನೆ ನನ್ನದೇ ಹೊಸ ಫೋನಿನಲ್ಲಿ ಜಾಲತಾಣ ತೆರೆದೆ. ಸಿಗ್ನಲ್ ಒಂದು ಗೆರೆಯಷ್ಟು. ಖಾಲಿ ಪುಟ ಬಂತು, ಸ್ಕ್ರಿಪ್ಟ್ ಅರ್ಧ ದಾರಿಯಲ್ಲಿ ನಿಂತಿತು. ಪರದೆ ಬಿಳಿ. ಮತ್ತೆ ಒತ್ತಿದೆ. ಬಿಳಿ.

ಒಡತಿ ಇಣುಕಿ ನೋಡಿದರು. "ಹೊಸಾ ಫೋನ್ ಐತೇನು ಇದು?"

"ಹೌದು ಆಂಟಿ."

"ಮತ್ತ ಯಾವ ಸೆಟ್ಟಿಂಗ್ ಹಾಕ್ತೀರಿ ಈಗ?"

ಹಿಂದಿರುಗುವ ಇಡೀ ದಾರಿಯಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಗುತ್ತ ಹೋಯಿತು. ಸ್ಕ್ರಿಪ್ಟ್ ಯಾಕೆ ಓಡಲಿಲ್ಲ ಎಂದು ಕೇಳುತ್ತ ಹೋದರೆ ಪ್ರತಿ ಬಾರಿಯೂ ಹೊಸ ಕಾರಣ ಸಿಗುತ್ತದೆ: ಇಂದು ಹಳೆಯ ಬ್ರೌಸರ್, ನಾಳೆ ಕ್ಷೀಣ ಸಿಗ್ನಲ್, ನಾಡಿದ್ದು ಇನ್ನೊಂದು. ನಾವು ಕೇಳಬೇಕಾದದ್ದು ಬೇರೆ. ಸ್ಕ್ರಿಪ್ಟ್ ಓಡದಿದ್ದರೂ ಯಾವ ಕೆಲಸ ನಡೆಯಲೇಬೇಕು?

ಆಶ್‌ಬರ್ನ್‌ಗೆ ಮರಳಿದವಳೇ ಒಂದು ಚರ್ಚೆ ಏರ್ಪಡಿಸಿದೆ, ಕಾಲೇಜಿನ ಕ್ರಮದಲ್ಲಿಯೇ. ಆದರೆ ಯಾರು ಯಾವ ಪಕ್ಷವೆಂದು ತೀರ್ಮಾನಿಸಲು ಚೀಟಿ ಎತ್ತಲಿಲ್ಲ. ಪ್ರತಿಯೊಬ್ಬರೂ ತಮ್ಮ ನಂಬಿಕೆಯ ವಿರುದ್ಧವೇ ವಾದಿಸಬೇಕೆಂಬ ನಿಯಮ ಹಾಕಿದೆ. ಸ್ಕ್ರಿಪ್ಟನ್ನು ಎತ್ತಿಹಿಡಿಯುವ ಪಾಳಿ ನನ್ನದು, ಕೆಡವುವ ಪಾಳಿ ಅದನ್ನು ಬರೆದ ಸಹೋದ್ಯೋಗಿಯದು. ತೀರ್ಪುಗಾರರು ಮ್ಯಾನೇಜರ್.

"ನನ್ನ ಕೋಡಿಗೆ ನಾನೇ ಬೈಬೇಕಾ?" ಎಂದರು ಸಹೋದ್ಯೋಗಿ. "ಇದೆಂಥ ಶಿಕ್ಷೆ ಮಾರಾಯ್ತಿ!"

ಆದರೆ ಎದ್ದು ನಿಂತ ಮೇಲೆ ಅವರು ಆಡಿದ ಮಾತು ಎರಡೇ ನಿಮಿಷದ್ದು. "ವ್ಯಾನ್ ಬುಕ್ ಮಾಡ್ಲಿಕ್ಕೆ ಎಂತೆಲ್ಲ ಬೇಕು? ಹೆಸರು, ವಿಳಾಸ, ದಿನ, ಟೈಮ್. ಮತ್ತೆ ಒಂದು ಬಟನ್. ನಾಲ್ಕು ಪ್ರಶ್ನೆ ಕೇಳಿ ಉತ್ತರವನ್ನು ಸರ್ವರಿಗೆ ಕಳಿಸ್ಲಿಕ್ಕೆ ಪ್ರತಿಯೊಂದು ಬ್ರೌಸರಿಗೂ ಹುಟ್ಟುವಾಗಲೇ ಬರ್ತದೆ. ಅದಕ್ಕೆ ಬರುವ ಕೆಲಸವನ್ನು ನಾನು ಮೂರು ತಿಂಗಳು ಕೂತು ಮತ್ತೆ ಬರೆದೆ. ಅದೂ ಅದಕ್ಕಿಂತ ಕೆಟ್ಟದಾಗಿ." ಕೊನೆಯ ವಾಕ್ಯ ಮುಗಿಸುವಾಗ ಅವರ ನಗು ಮಾಯವಾಗಿತ್ತು. ಅದು ಪಾಳಿಯ ಮಾತಾಗಿ ಉಳಿದಿರಲಿಲ್ಲ.

ನನ್ನ ಸರದಿ ಬಂದಾಗ, ಸ್ಕ್ರಿಪ್ಟ್‌ನ ಪರವಾಗಿ ಪ್ರಾಮಾಣಿಕವಾಗಿ ಏನು ಹೇಳಬಹುದೆಂದು ಹುಡುಕಿದೆ. ಸಿಕ್ಕಿತು. ಷಾರ್ಲೆಟ್ ಕಚೇರಿಯಲ್ಲಿ ವ್ಯಾನುಗಳ ಓಡಾಟ ನೋಡಿಕೊಳ್ಳುವ ಸಿಬ್ಬಂದಿಗೆ ನಕ್ಷೆ ಕ್ಷಣಕ್ಷಣಕ್ಕೂ ಬದಲಾಗಬೇಕು. ಒಬ್ಬ ಚಾಲಕನ ಪ್ರಯಾಣವನ್ನು ಎಳೆದು ಇನ್ನೊಬ್ಬನ ಮೇಲೆ ಬಿಡುವಂತಿರಬೇಕು. ಅವರ ಗಣಕ ಹೊಸದು, ಸಂಪರ್ಕ ಗಟ್ಟಿ, ಇಡೀ ದಿನ ಅದೇ ಪುಟ. ಅಲ್ಲಿ ಸ್ಕ್ರಿಪ್ಟ್ ಇಲ್ಲದೆ ನಡೆಯದು. ಇದನ್ನು ಹೇಳುತ್ತಿದ್ದಂತೆ ನನಗೇ ರೋಮಾಂಚನವಾಯಿತು, ಏಕೆಂದರೆ ಗೆರೆ ಎಲ್ಲಿ ಎಳೆಯಬೇಕೆಂಬುದು ಆ ಕೊಠಡಿಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಕಂಡಿತು. ಗ್ರಾಹಕರು ಯಾವ ಕೆಲಸಕ್ಕಾಗಿ ಬರುತ್ತಾರೋ ಅದು ಸ್ಕ್ರಿಪ್ಟ್ ಇಲ್ಲದೆಯೂ ಮುಗಿಯಬೇಕು. ಸ್ಕ್ರಿಪ್ಟ್ ಓಡಿದರೆ ಅದೇ ಕೆಲಸ ಸಲೀಸಾಗಬೇಕು: ವಿಳಾಸ ತಾನೇ ತುಂಬಿಕೊಳ್ಳಲಿ, ಕ್ಯಾಲೆಂಡರ್ ಅರಳಲಿ. ಕಚೇರಿಯೊಳಗಿನ ನಕ್ಷೆಯ ಪುಟ ಪೂರ್ತಿ ಸ್ಕ್ರಿಪ್ಟ್‌ನಲ್ಲೇ ಇರಲಿ.

ತೀರ್ಪುಗಾರರು ಮಾತ್ರ ಒಪ್ಪಲಿಲ್ಲ. "ನೋಡಮ್ಮ, ರಿವ್ಯೂಗೆ ಇನ್ನು ಮೂರೇ ವಾರ ಇರೋದು. ಈಗ ರೀರೈಟ್ ಮಾಡ್ತೀನಿ ಅಂದ್ರೆ ಇರೋದೂ ಹೋಗುತ್ತೆ. ಆ ಸೆಟ್ಟಿಂಗ್ ಹಾಕಿದೀವಲ್ಲ, ಸಾಕು."

ಅವರ ಆತಂಕ ನ್ಯಾಯವಾದದ್ದೇ. ನನ್ನ ನಾಲಿಗೆ ಉತ್ತರಕ್ಕೆ ಸಿದ್ಧವಾಗಿತ್ತು. ಆದರೆ ಮಾತಿನಿಂದ ಗೆಲ್ಲುವುದರ ಫಲವನ್ನು ಆಗಷ್ಟೇ ಕಂಡು ಬಂದಿದ್ದೆ. ಅವರ ಫೋನನ್ನು ಕೇಳಿ ಪಡೆದು, ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಜಾವಾಸ್ಕ್ರಿಪ್ಟನ್ನು ಆಫ್ ಮಾಡಿ, ಮರಳಿ ಕೈಗಿತ್ತೆ.

"ನಾಳೆ ಬೆಳಿಗ್ಗೆಗೆ ಒಂದು ವ್ಯಾನ್ ಬುಕ್ ಮಾಡಿ ಸರ್."

ಅವರು ಬಿಳಿ ಪರದೆಯನ್ನು ಎರಡು ಸಲ ಒತ್ತಿದರು. ಫೋನನ್ನು ಅಡ್ಡ ತಿರುಗಿಸಿದರು. ಮತ್ತೆ ನೆಟ್ಟಗೆ ಮಾಡಿದರು. "ನನ್ನ ಫೋನೇ ಹಾಳಾಗಿದೆ ಅನ್ಕೊಂಡಿರ್ತಿದ್ದೆ" ಎಂದರು, ಮೆಲ್ಲಗೆ. ಅಷ್ಟರಲ್ಲಿ ಸಹೋದ್ಯೋಗಿ ತಮ್ಮ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದರು. ಹಿಂದಿನ ಮಧ್ಯಾಹ್ನ ವಾದಕ್ಕೆ ಸಿದ್ಧರಾಗಲು ಕುಳಿತವರು, ನಾಲ್ಕು ಪ್ರಶ್ನೆಗಳ ಬರಿಯ ಅರ್ಜಿಯೊಂದನ್ನು ಕಟ್ಟಿಯೇ ಬಿಟ್ಟಿದ್ದರು. ನೋಡಲು ಸೊಗಸಿರಲಿಲ್ಲ. ಕೆಲಸ ಮಾಡುತ್ತಿತ್ತು.

"ಎಷ್ಟು ದಿನ ಬೇಕು?" ಎಂದರು ಮ್ಯಾನೇಜರ್.

ಹತ್ತು ದಿನ ಕೇಳಿದೆವು. ಬುಕಿಂಗ್‌ನ ಪ್ರತಿ ಹಂತವನ್ನೂ ಸರ್ವರ್ ಸಿದ್ಧಗೊಳಿಸುವ ಪ್ರತ್ಯೇಕ ಪುಟವನ್ನಾಗಿ ಮಾಡಿದೆವು. ವಿಳಾಸ ತಪ್ಪಿದ್ದರೆ ಸರ್ವರೇ ಪರಿಶೀಲಿಸಿ, ತುಂಬಿದ್ದನ್ನೆಲ್ಲ ಹಾಗೆಯೇ ಉಳಿಸಿ, ತಪ್ಪಿದ ಜಾಗವನ್ನಷ್ಟೇ ತೋರಿಸಿ ಹಿಂದಿರುಗಿಸುವಂತೆ ಮಾಡಿದೆವು. ಪ್ರತಿ ಸಂಜೆ ಎಲ್ಲರೂ ಸ್ಕ್ರಿಪ್ಟ್ ಆಫ್ ಮಾಡಿದ ಫೋನಿನಲ್ಲಿ ಒಂದೊಂದು ಬುಕಿಂಗ್ ಮಾಡಿಯೇ ಮನೆಗೆ ಹೊರಡುವುದೆಂಬ ಪದ್ಧತಿ ತಂದೆ. ದೋಷವರದಿಯನ್ನು ಸ್ಕ್ರಿಪ್ಟ್‌ನಿಂದ ಬಿಡಿಸಿ, ಅರ್ಧಕ್ಕೆ ನಿಂತ ಭೇಟಿಗಳನ್ನು ಸರ್ವರ್‌ನ ದಾಖಲೆಯಿಂದಲೇ ಎಣಿಸತೊಡಗಿದೆವು. ಅಷ್ಟು ಉತ್ಸಾಹದ ಹತ್ತು ದಿನಗಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬಿಡುಗಡೆಯ ಮೂರನೆಯ ದಿನ ಒಡತಿಯ ಕರೆ. "ಬುಕಿಂಗ್ ಬರಾಕತ್ತಾವು. ಭಾಳ ಚಲೋ. ಆದ್ರ ಒಂದ್ ಮಾತು, ಒಬ್ಬ ಮುದುಕಿ ಮನಿಗೆ ಎರಡು ವ್ಯಾನ್ ಹೋಗಿ ನಿಂತಾವು. ಯಾವುದರಾಗ ಹತ್ಲಿ ಅಂತ ಆಕಿ ನಗಾಕತ್ತಾಳ, ಡ್ರೈವರ್‌ಗೋಳು ಜಗಳಾಡಾಕತ್ತಾರ."

ನಿಧಾನವಾದ ಸಂಪರ್ಕದಲ್ಲಿ ಉತ್ತರ ತಡವಾದಾಗ ಆಕೆ ಗುಂಡಿಯನ್ನು ಎರಡು ಬಾರಿ ಒತ್ತಿದ್ದರು. ಹಿಂದೆ ಒಂದು ಒತ್ತಿನ ನಂತರ ಗುಂಡಿಯನ್ನು ನಿಷ್ಕ್ರಿಯಗೊಳಿಸುತ್ತಿದ್ದದ್ದು ಸ್ಕ್ರಿಪ್ಟ್. ಸಹೋದ್ಯೋಗಿ ನನ್ನತ್ತ ನೋಡಿದರು: "ಈಗ ಒಂಚೂರು ಸ್ಕ್ರಿಪ್ಟ್ ಹಾಕ್ಲಿಕ್ಕೆ ಅಪ್ಪಣೆ ಉಂಟಾ?" ಹಾಕಿದೆವು, ಆದರೆ ಅದನ್ನೇ ನಂಬಲಿಲ್ಲ. ಪ್ರತಿ ಅರ್ಜಿಯೂ ಸರ್ವರ್ ಕೊಟ್ಟ ಒಂದು ಗುರುತಿನ ಸಂಖ್ಯೆಯನ್ನು ಹೊತ್ತು ಹೋಗುವಂತೆ ಮಾಡಿದೆವು. ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಸರ್ವರ್ ಹೊಸ ವ್ಯಾನ್ ಕಳುಹಿಸದೆ, ಮೊದಲಿನ ಬುಕಿಂಗನ್ನೇ ತೋರಿಸುತ್ತದೆ. ಎರಡು ವ್ಯಾನುಗಳ ಪ್ರಸಂಗ ಮತ್ತೆ ನಡೆಯಲಿಲ್ಲ.

ಪರಿಶೀಲನೆಯ ದಿನ ನಾನು ಆಶ್‌ಬರ್ನ್‌ನಲ್ಲಿಯೇ ಇದ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಡತಿಯ ಕರೆ ಬಂತು. ಡಯಾಲಿಸಿಸ್ ಸಂಸ್ಥೆಯವರು ಅಂಕಿಗಳ ಹಾಳೆಯನ್ನು ಬದಿಗಿಟ್ಟು, ತಮ್ಮ ದಾದಿಯೊಬ್ಬರನ್ನು ಕಾಯುವ ಕೋಣೆಗೆ ಕಳುಹಿಸಿದರಂತೆ. ದಾದಿ ಅಲ್ಲಿದ್ದ ರೋಗಿಗಳನ್ನು ಒಬ್ಬೊಬ್ಬರಾಗಿ ತಮ್ಮ ತಮ್ಮ ಫೋನಿನಲ್ಲೇ ಮುಂದಿನ ಪ್ರಯಾಣ ಬುಕ್ ಮಾಡಲು ಕೇಳಿ, ಪಕ್ಕದಲ್ಲಿ ನಿಂತು ನೋಡಿದರಂತೆ.

"ಎಲ್ಲಾರ ಫೋನಿನ್ಯಾಗೂ ಆತು" ಎಂದರು ಒಡತಿ. "ಒಬ್ಬಾಂವ್ದು ಮಾತ್ರ ಚಾರ್ಜ್ ಇರಲಿಲ್ಲ."

"ಮತ್ತೆ ಒಪ್ಪಂದ, ಆಂಟಿ?"

"ಮುಂದುವರೀತು. ಇನ್ನೂ ಎರಡು ಸೆಂಟರ್ ತಗೋರಿ ಅಂದ್ರು. ಡ್ರೈವರ್ ಹುಡುಕಬೇಕೀಗ, ಫೋನ್ ಇಡ್ತೀನಿ." ಅಭಿನಂದನೆ ಹೇಳುವಷ್ಟರಲ್ಲಿ ಕರೆ ಕಡಿದುಹೋಗಿತ್ತು. ನಾನು ಕುರ್ಚಿಯಿಂದೆದ್ದು ಕೂಗಿದ ಕೂಗಿಗೆ ಮ್ಯಾನೇಜರ್ ತಮ್ಮ ಕೋಣೆಯಿಂದ ಓಡಿಬಂದರು.

ಸ್ಕ್ರಿಪ್ಟ್ ಬೇಡವೆಂದು ನಾನು ಹೇಳುತ್ತಿಲ್ಲ. ಷಾರ್ಲೆಟ್ ಕಚೇರಿಯ ನಕ್ಷೆ ಇಂದಿಗೂ ಅದರ ಬಲದಿಂದಲೇ ಓಡುತ್ತಿದೆ. ನನ್ನ ಕೋರಿಕೆ ಒಂದೇ. ಇಂದು ನಿಮ್ಮ ಬ್ರೌಸರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಜಾವಾಸ್ಕ್ರಿಪ್ಟನ್ನು ಆಫ್ ಮಾಡಿ. ನಿಮ್ಮ ವ್ಯವಹಾರದ ಜಾಲತಾಣವನ್ನು ತೆರೆದು, ಗ್ರಾಹಕರು ಬರುವ ಆ ಒಂದು ಕೆಲಸವನ್ನು ನೀವೇ ಮಾಡಿ ನೋಡಿ. ಎಲ್ಲಿ ನಿಂತಿತೆಂಬುದನ್ನು ಒಂದು ಹಾಳೆಯಲ್ಲಿ ಬರೆದು, ಅದನ್ನು ಕಟ್ಟಿದವರ ಕೈಗೆ ಕೊಡಿ.